ಮೇಲಿನ ಬುಷ್ಷಿಗೆ ಎಣ್ಣೆ ಹೋಗುವ ದಾರಿ

ಬಂಗಾರಪೇಟೆಯ ರೈಲ್ವೆ ಗೇಟಿನ ಹತ್ತಿರ ನನ್ನ ಹಿಟ್ಟಿನ ಮಿಲ್ಲಿಗೆ ಅಂಟಿಕೊಂಡೇ ರಾಮಚಂದ್ರಪ್ಪಣ್ಣನ ಇಂಜಿನ್ ರಿಪೇರಿ ಅಂಗಡಿ. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಪಳಗಿದ ಕೈ ಅವನದು. ಗಣಿ ಮುಚ್ಚಿದ ಮೇಲೆ ಆ ಕೈಗಿದ್ದ ಹೆಸರು ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ. ಬಂದವರನ್ನು ಊಟ ಆಯಿತಾ ಎಂದು ಕೇಳುವ ಮೊದಲು ಮೋಟಾರಿಗೆ ಎಣ್ಣೆ ಹಾಕಿದ್ದೀರಾ ಎಂದು ಕೇಳುವ ಆಸಾಮಿ. ಹೆಂಡತಿ ಮುನಿನಾರಾಯಣಮ್ಮ ಇದಕ್ಕೇ ತಲೆ ಚಚ್ಚಿಕೊಳ್ಳುತ್ತಿದ್ದಳು.

ಹೋದ ದಸರಾಕ್ಕೆ ಮೊದಲು, ಬೇತಮಂಗಲ ಕೆರೆಯಲ್ಲಿ ಮೀನು ಹಿಡಿಸುವ ಬಾಲಾಜಿ, ದೋಣಿಯ ಹಿಂಬದಿಗೆ ಕಟ್ಟುವ ಮೋಟಾರೊಂದನ್ನು ತಂದಿಳಿಸಿದ. ಅವನ ತಾತನ ಕಾಲದ್ದು. ಅಣ್ಣ ಅದನ್ನು ಪೂರ್ತಿ ಬಿಚ್ಚಿ ಹರವಿಕೊಂಡ. ಆಯುಧಪೂಜೆ ಕಳೆದ ವಾರದಲ್ಲೇ ಮುನಿನಾರಾಯಣಮ್ಮ ಎದೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ. ತಿಥಿ ಮುಗಿಸಿ, ಅಣ್ಣ ಹೇಗೋ ಮೋಟಾರು ಜೋಡಿಸಿ ಕೊಟ್ಟ. ಅದು ನಡುಕೆರೆಯಲ್ಲಿ ಕಚ್ಚಿಕೊಂಡು ನಿಂತುಬಿಟ್ಟಿತು.

“ಮುದ್ಕಂಗೆ ತಲೆ ನಿಲ್ತಾ ಇಲ್ಲ,” ಎಂದು ಬಾಲಾಜಿ ಮೋಟಾರನ್ನು ವಾಪಸ್ಸು ತಂದುಹಾಕಿ ಗೇಟಿನ ತನಕ ಕೇಳುವಂತೆ ಕೂಗಾಡಿ ಹೋದ. ನನಗೆ ಮೈ ಉರಿಯಿತು. ಅಣ್ಣ ಮಾತ್ರ ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡ.

“ಈ ಕೈ ಕೆಟ್ಟೋಗಿದ್ರೆ ಅಂಗ್ಡಿ ಮುಚ್ಚಾಕ್ಬಿಡ್ತೀನಿ ಕಣಪ್ಪಾ,” ಎಂದ.

ಮರುದಿನ ಬಿಚ್ಚಿದಾಗ ನಾನೂ ಇದ್ದೆ. ತಿರುಗುವ ದಂಡವನ್ನು ಹಿಡಿದಿಡುವ ಲೋಹದ ಬಳೆ, ಮೇಲಿನ ಬುಷ್ಷು, ಸುಟ್ಟು ನೀಲಿಗಟ್ಟಿತ್ತು. ಈ ಜಾತಿಯ ಮೋಟಾರಿನಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಒಳಗೆಲ್ಲ ಓಡಾಡಬೇಕು. ಮೇಲಿನ ಬುಷ್ಷಿಗೆ ಅದು ತಲುಪಲು ಕಬ್ಬಿಣದೊಳಗೆ ಕಡ್ಡಿ ತೂರುವಷ್ಟೇ ಸಣ್ಣ ದಾರಿ. ಅಣ್ಣ ಅದರೊಳಗೆ ತಂತಿ ತೂರಿಸಿ ಎಳೆದ. ತುದಿಯಲ್ಲಿ ಕೆಂಪು ಗಸಿ ಅಂಟಿಕೊಂಡು ಬಂತು. ಉಗುರಿನಿಂದ ಕೆರೆದು ಮೂಸಿದ. ಕುಂಕುಮ.

ಆಯುಧಪೂಜೆಯ ದಿನ ಬಿಚ್ಚಿಟ್ಟ ಸಾಮಾನಿಗೆಲ್ಲ ಮುನಿನಾರಾಯಣಮ್ಮನೇ ಕುಂಕುಮ ಇಟ್ಟಿದ್ದಳು. ಸ್ಪ್ಯಾನರನ್ನೂ ಬಿಡುವವಳಲ್ಲ ಆಕೆ. ಎಣ್ಣೆ ಹೋಗುವ ತೂತಿನ ಬಾಯಿಗೇ ಒತ್ತಿ ಇಟ್ಟುಬಿಟ್ಟಿದ್ದಾಳೆ. ಅದು ಎಣ್ಣೆ ಕುಡಿದು ಒಳಗೇ ಗಟ್ಟಿಯಾಗಿದೆ. ಅಣ್ಣ ಆ ತಂತಿಯನ್ನು ಹಿಡಿದುಕೊಂಡೇ ನೆಲಕ್ಕೆ ಕುಸಿದು ಅತ್ತ. ನನ್ನಿಂದ ನೋಡಲಾಗಲಿಲ್ಲ.

“ಬಾಲಾಜಿಗೆ ಇದನ್ನ ತೋರ್ಸಣ್ಣಾ. ನಿನ್ ಕೈ ಕೆಟ್ಟಿಲ್ಲ ಅಂತ ಊರ್ಗೆಲ್ಲಾ ಗೊತ್ತಾಗ್ಲಿ,” ಎಂದೆ.

“ಸತ್ತೋದೋಳ್ನ ಊರ್ನೋರ ಬಾಯ್ಗೆ ಆಕ್ಲಾ?” ಎಂದ.

ಬುಷ್ಷು ಬದಲಾಯಿಸಿ, ದಾರಿ ತೊಳೆದು ಜೋಡಿಸಿದ. ಬಾಲಾಜಿ ಬಂದು ಏನು ಕೆಟ್ಟಿತ್ತು ಎಂದು ಕೇಳಿದಾಗ, “ತೂತು ಕಟ್ಕಂಡಿತ್ತು, ನಾನು ನೋಡ್ಲಿಲ್ಲ. ನಂದೇ ತಪ್ಪು,” ಎಂದ. ಮೋಟಾರು ಈಗಲೂ ಕೆರೆಯಲ್ಲಿ ಓಡುತ್ತಿದೆ. ಬಾಲಾಜಿಯ ಬಾಯಿ ಅದಕ್ಕಿಂತ ಜೋರಾಗಿ ಓಡಿತು. ಕಾಮಸಮುದ್ರದ ಕಡೆಯಿಂದ ರಿಪೇರಿಗೆ ಬರುತ್ತಿದ್ದ ಪಂಪ್‌ಸೆಟ್ಟುಗಳೂ ಬರದಾದವು.

ಮೊನ್ನೆ ಸಂಜೆ ತಡೆಯಲಾರದೆ, ಮುನಿನಾರಾಯಣಮ್ಮಕ್ಕನ ಮೇಲೆ ನಿನಗೆ ಒಂಚೂರೂ ಕೋಪ ಬರಲಿಲ್ಲವಾ ಎಂದು ಕೇಳಿದೆ.

“ಅವ್ಳು ಇದ್ದಿದ್ರೆ ಬೀದಿಗೆ ಕೇಳೋ ಅಂಗೆ ಬಯ್ದಾಕ್ತಿದ್ದೆ,” ಎಂದ ಅಣ್ಣ. “ಬಯ್ಯಾಕಾದ್ರೂ ಇರ್ಬೇಕಾಗಿತ್ತು ಕಣಪ್ಪಾ.”