ಕೂಗಿದ ರಾಶಿಯಲ್ಲಿ ಒಂದು ಬೆನ್ನು

ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಅಪ್ಸರ್ ಪಾಷಾ ಬಾಯಿ ತೆಗೆದರೆ ಹೈವೇಯಲ್ಲಿ ಹೋಗುವ ಲಾರಿಯವರೂ ಒಮ್ಮೆ ತಿರುಗಿ ನೋಡುತ್ತಾರೆ. ಅವನು ಅಲ್ಲಿ ಹರಾಜು ಕೂಗುವವನು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮೂಟೆ ಹೊರಲು ಬಂದವನು, ಗಂಟಲಿನ ದೆಸೆಯಿಂದ ಮೂಟೆ ಇಳಿಸಿ ರಾಶಿಯ ಪಕ್ಕ ನಿಂತುಕೊಂಡ. ಈಗ ಗಡ್ಡ ನೆರೆತಿದೆ. ಗಂಟಲು ಹಾಗೇ ಇದೆ, ಸಿಟ್ಟೂ ಹಾಗೇ ಇದೆ.

ಅವನ ಕಟ್ಟಳೆಗಳು ಮಂಡಿಗೆಲ್ಲ ಗೊತ್ತು. ಮೂರನೇ ಸಲ ಕೂಗುವ ಮುಂಚೆ ಕುಕ್ಕೆ ಬೋರಲು ಹಾಕಿ ಅಡಿಯ ಮಾಲು ತೋರಿಸುತ್ತಾನೆ. ಕೂಗುವವನು ತಾನು ಕೊಳ್ಳುವುದಿಲ್ಲ. ಒಮ್ಮೆ ಕೂಗಲು ಶುರುವಾದ ರಾಶಿಗೆ ಯಾರೂ ಕೈ ಹಾಕುವ ಹಾಗಿಲ್ಲ, ರೈತನಾಗಲಿ, ದಲ್ಲಾಳಿಯಾಗಲಿ, ದುಡ್ಡು ಕೊಟ್ಟು ಕೊಳ್ಳುವವನಾಗಲಿ. ಎರಡು ವರ್ಷದ ಹಿಂದೆ, ಕೇರಳದ ರಸ್ತೆಯಲ್ಲಿ ಊಟದ ಹೋಟೆಲು ಇಟ್ಟಿರುವ ಶಿವರಾಮು ಈರುಳ್ಳಿ ಕೊಳ್ಳಲು ಬಂದು, ಕೂಗುತ್ತಿದ್ದ ರಾಶಿಯಿಂದ ನಾಲ್ಕು ಕೊಳೆತದ್ದು ಎತ್ತಿ ಪಕ್ಕದ ರಾಶಿಗೆ ಎಸೆದು, ಅಲ್ಲಿಂದ ನಾಲ್ಕು ದಪ್ಪದ್ದು ಎಳೆದುಕೊಂಡ. ಅಪ್ಸರ್ ಬಂದು ಅವನ ಕಾಲರ್ ಹಿಡಿದ. ಇಡೀ ಮಂಡಿ ನೋಡುತ್ತಿತ್ತು. ಶಿವರಾಮು ಅವತ್ತಿನಿಂದ ಈರುಳ್ಳಿಗೆ ಮೈಸೂರಿಗೆ ಹೋಗುತ್ತಾನೆ. ಇಬ್ಬರಿಗೂ ಮಾತಿಲ್ಲ.

ಇಂಥವನನ್ನು ಹುಡುಕಿಕೊಂಡು ಈ ವರ್ಷ ಚಾಮರಾಜನಗರದಿಂದ ಬೃಂದಾ ಬಂದಳು. ಅವಳಪ್ಪ ಮರಿಮಲ್ಲಪ್ಪ ಅಲ್ಲಿ ಟಾಕೀಸು ನಡೆಸಿದವರು. ಭಾನುವಾರ ಬೆಳಗ್ಗೆ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ಜನ ಬರಲಿ ಬಿಡಲಿ, ಹಾಲಿವುಡ್ಡಿನ ನೋರಾ ಕಾಲ್ಡರ್ ಎಂಬ ನಟಿಯ ಚಿತ್ರ ಇದ್ದರೆ ತಾವೊಬ್ಬರೇ ಕೂತಾದರೂ ನೋಡುತ್ತಿದ್ದರು. ಗೇಟಿನವರ ಬಾಯಲ್ಲಿ ಆಕೆ ನೂರಮ್ಮ ಆಗಿದ್ದಳು. ಮರಿಮಲ್ಲಪ್ಪ ಅವಳ ಪೋಸ್ಟರು, ಸ್ಟಿಲ್ಲು, ಅಮೆರಿಕಕ್ಕೆ ಕಾಗದ ಬರೆದು ತರಿಸಿಕೊಂಡ ರುಜು ಹಾಕಿದ ಫೋಟೊ, ಅವಳ ಮುಖವಿದ್ದ ಸೋಪಿನ ಡಬ್ಬಿ, ಏನು ಸಿಕ್ಕರೂ ಕೂಡಿಟ್ಟರು. ಈಗ ಅವರಿಲ್ಲ. ಟಾಕೀಸು ಮದುವೆ ಛತ್ರ ಆಗುತ್ತಿದೆ.

"ಆನ್‌ಲೈನಲ್ಲಿ ಮಾರಿಕೊಡ್ತೀವಿ ಅಂತ ಬೆಂಗಳೂರಿನವರು ಕೇಳಿದರು," ಅಂದಳು ಬೃಂದಾ. "ನಮ್ಮಪ್ಪಂಗೆ ಇಷ್ಟ ಆಗ್ತಿರ್ಲಿಲ್ಲ. ಟಾಕೀಸ್ ಅಂಗಳದಲ್ಲೇ, ಟಿಕೆಟ್ ತಗೊಂಡು ಬರ್ತಿದ್ದ ಜನದ ಮುಂದೇನೇ ಹರಾಜಾಗ್ಲಿ ಅಂತ. ನೀವು ಬಂದು ಕೂಗಿಕೊಡ್ಬೇಕು."

"ನಾನು ಟೊಮೆಟೊ ಕೂಗೋನು ಕಣಮ್ಮ."

"ಗೊತ್ತು. ಮೋಸ ಮಾಡಲ್ಲ ಅಂತಾನೂ ಗೊತ್ತು."

ಹೊಗಳಿದರೆ ಅಪ್ಸರನಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಒಪ್ಪಿಕೊಂಡುಬಿಟ್ಟ.

ಮನೆಯಲ್ಲಿ ಹೇಳಿದಾಗ ಅವನ ತಾಯಿ ಕುಲ್ಸುಂ ಬಿ ಮಂಚದ ಮೇಲೆ ಎದ್ದು ಕೂತಳು. ಅವಳ ತವರು ಚಾಮರಾಜನಗರ. ಮದುವೆಗೆ ಮುಂಚೆ ಆ ಟಾಕೀಸಿನ ಮುಂದೆಯೇ ನೀರಿಗೆ ಹೋಗುತ್ತಿದ್ದಳು. ಸಿನಿಮಾ ನೋಡಲು ಅಪ್ಪ ಬಿಟ್ಟವನಲ್ಲ. ಆದರೆ ಗೇಟಿನ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಸ್ಟಿಲ್ಲುಗಳನ್ನು ಚುಚ್ಚಿಟ್ಟಿರುತ್ತಿದ್ದರು, ಅದನ್ನು ನೋಡಬೇಡ ಅನ್ನುವವರು ಯಾರೂ ಇರಲಿಲ್ಲ. ಅದರಲ್ಲೊಂದು ನೂರಮ್ಮನದು. ಭುಜದ ಮೇಲೆ ಪೂರಿಯ ಹಾಗೆ ಉಬ್ಬಿ, ಮೊಣಕೈ ಹತ್ತಿರ ಬಿಗಿಯಾಗಿ ಕೂರುವ ತೋಳು. ಕುಲ್ಸುಂ ಬಿ ಕೊಡ ಇಳಿಸಿಕೊಂಡು ನಿಂತು ನೋಡಿದಳು, ಮನೆಗೆ ಹೋಗಿ ಹಳೇ ಪೇಪರಿನಲ್ಲಿ ಕತ್ತರಿಸಿದಳು, ಮತ್ತೆ ಬಂದು ನೋಡಿದಳು. ಆ ತೋಳು ಅವಳ ಕೈಯಲ್ಲಿ ಕೂತುಬಿಟ್ಟಿತು. ಗುಂಡ್ಲುಪೇಟೆಗೆ ಸೊಸೆಯಾಗಿ ಬಂದ ಮೇಲೆ, ಲಾರಿ ಓಡಿಸುವ ಗಂಡ ಮನೆಗೆ ಬಂದರೆ ಬಂದ ಇಲ್ಲವಾದರೆ ಇಲ್ಲ ಅನ್ನುವಂತಿದ್ದಾಗ, ಆ ತೋಳೇ ಮನೆಯ ಒಲೆ ಹೊತ್ತಿಸಿತು. ರಂಜಾನಿಗೂ ಅದೇ, ಯುಗಾದಿಗೂ ಅದೇ. ಟಾಕೀಸ್ ತೋಳು ಅಂತ ಹೆಸರು ಹೇಳಿಯೇ ಹೊಲಿಸಿಕೊಳ್ಳುತ್ತಿದ್ದರು. ಅಪ್ಸರ್ ಚಿಕ್ಕವನಾಗಿದ್ದಾಗ ಮಿಷನ್ನಿನ ಹಿಂದೆ ಕೂತು ಆ ನೆರಿಗೆಗಳನ್ನು ಬೆರಳಲ್ಲಿ ಹಿಡಿದುಕೊಡುತ್ತಿದ್ದ.

ಆದರೆ ಒಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಆ ರವಿಕೆಗೆ ಮುಂದೆ ಗುಂಡಿಯಿಲ್ಲ, ಪಕ್ಕದಲ್ಲೂ ಇಲ್ಲ, ಆದರೂ ಮೈಗೆ ಬಳಿದ ಹಾಗೆ ಕೂತಿದೆ. ಅಂದಮೇಲೆ ಗುಟ್ಟೆಲ್ಲ ಬೆನ್ನಲ್ಲಿದೆ. ಗಾಜಿನ ಪೆಟ್ಟಿಗೆಯಲ್ಲಿ ಬೆನ್ನು ಎಲ್ಲಿ ಕಾಣುತ್ತದೆ? ಅವಳು ಹುಕ್ಕು ಇಟ್ಟು ನೋಡಿದಳು, ಗುಂಡಿ ಇಟ್ಟು ನೋಡಿದಳು, ಲಾಡಿ ಹಾಕಿ ಬಿಗಿದು ನೋಡಿದಳು. ಯಾವುದೂ ಹಾಗೆ ಕೂರಲಿಲ್ಲ.

"ಹಿಂದಿನಿಂದ ತೆಗೆದದ್ದು ಒಂದಾದ್ರೂ ಇದ್ಯಾ ನೋಡೋ," ಅಂದಳು, ಮನೆಯ ಉರ್ದುವಿನಲ್ಲಿ. "ಒಂದು ಕಣ್ಣು ಹೋಯ್ತು. ಇನ್ನೊಂದು ಇರೋವಾಗ್ಲೇ ನೋಡ್ಕೊಂಡುಬಿಡ್ತೀನಿ."

"ಇದ್ರೆ ಬೃಂದಮ್ಮನ್ನ ಕೇಳಿ ತಂದುಕೊಡ್ತೀನಿ, ಅಮ್ಮಿ. ಅದೇನು ದೊಡ್ಡ ಮಾತು?"

ಹರಾಜಿನ ದಿನ ಬೆಳಗ್ಗೆ ಮಂಡಿಯ ಹಮಾಲಿ ಪುಟ್ಟಮಾದುವನ್ನು ಜೊತೆಗೆ ಕರೆದುಕೊಂಡು ಅಪ್ಸರ್ ಟಾಕೀಸಿಗೆ ಹೋದ. ಒಂದೊಂದೇ ಫೋಟೊ ಕೂಗೋಣ ಅಂತ ಬೃಂದಾಳ ಮನಸ್ಸಿನಲ್ಲಿತ್ತು. "ಒಂದೊಂದೇ ಕೂಗ್ತಾ ಕೂತ್ರೆ ಕೊಳ್ಳೋರು ಎದ್ದು ಓಯ್ತಾರೆ, ರಾಶಿ ಮಾಡನ," ಅಂದ ಅಪ್ಸರ್. ಸರಿಯಾದ ಮಾತೇ. ಆದರೆ ಅಷ್ಟರಲ್ಲಿ ಶಾಮಿಯಾನದವನು ಮೇಜುಗಳನ್ನೆಲ್ಲ ಬಿಸಿಲಿನಲ್ಲಿ ಹಾಕಿದ್ದ. ಅಪ್ಸರನಿಗೆ ರೇಗಿತು. ಒಂದು ಕೈಯಲ್ಲಿ ಫೋಟೊ ವಿಂಗಡಿಸುತ್ತ ಇನ್ನೊಂದು ಕೈ ಎತ್ತಿ ಅವನ ಜೊತೆ ಜಗಳಕ್ಕೆ ನಿಂತ. ಬಾಯಿ ಅಲ್ಲಿತ್ತು, ಕೈ ಇಲ್ಲಿತ್ತು. ಈರುಳ್ಳಿ ವಿಂಗಡಿಸಿ ರೂಢಿಯಾದ ಕೈ. ನೂರಮ್ಮನ ಮುಖ ಚೆನ್ನಾಗಿ ಬಂದದ್ದು ಮೇಲಕ್ಕೆ, ಸಣ್ಣ ಮುಖ ಅದರ ಕೆಳಕ್ಕೆ, ಮುಖವೇ ಇಲ್ಲದ್ದು ಅಡಿಗೆ. ಜಗಳ ಮುಗಿದು ಮೇಜು ನೆರಳಿಗೆ ಬರುವಷ್ಟರಲ್ಲಿ ರಾಶಿಗಳೂ ಮುಗಿದಿದ್ದವು. ಬೆನ್ನಿನ ಫೋಟೊ ಯಾವುದೂ ಸಿಗಲಿಲ್ಲ ಅಂತಲೇ ಅವನು ಅಂದುಕೊಂಡಿದ್ದ.

ಜನ ಚೆನ್ನಾಗಿಯೇ ಬಂದರು. ಕೊಳ್ಳುವವರಿಗಿಂತ ನೋಡುವವರು ಜಾಸ್ತಿ. ಹಳೇದನ್ನು ಕೂಡಿಡುವ ಚಟದ ಇಬ್ಬರು ಮೈಸೂರಿನಿಂದ ಬಂದಿದ್ದರು. ಹಿಂದಿನ ಸಾಲಿನಲ್ಲಿ ಬಿಳಿ ಪಂಚೆ ಉಟ್ಟು ಶಿವರಾಮು ಕೂತಿದ್ದ. ಹೋಟೆಲಿನ ಗೋಡೆಗೆ ಹಳೇ ಸಿನಿಮಾ ಚಿತ್ರ ಹಾಕಿದರೆ ಕೇರಳದ ಗಿರಾಕಿಗಳು ನಿಂತು ಫೋಟೊ ತೆಗೆದುಕೊಳ್ಳುತ್ತಾರೆ ಅಂತ ಯಾರೋ ಅವನ ತಲೆಗೆ ಹಾಕಿದ್ದರು.

ರುಜು ಇದ್ದ ಫೋಟೊಗಳು ಮೈಸೂರಿನವರಿಗೆ ಹೋದವು. ಪೋಸ್ಟರು ಹೋದವು. ಸೋಪಿನ ಡಬ್ಬಿಯನ್ನು ಟಾಕೀಸಿನ ಗೇಟ್ ಕಾಯುತ್ತಿದ್ದ ಮುದುಕ ಮುದ್ದಯ್ಯ ಕೇಳಿದ, ಅವನ ಮೇಲೆ ಯಾರೂ ಏರಿಸಲಿಲ್ಲ. ಆಮೇಲೆ ದೊಡ್ಡ ಸ್ಟಿಲ್ಲುಗಳ ರಾಶಿ ಬಂತು. ಅಪ್ಸರ್ ಕೂಗತೊಡಗಿದ. ಶಿವರಾಮು ಕೈ ಎತ್ತಿದ. ಮೈಸೂರಿನವರಲ್ಲಿ ಒಬ್ಬ ಏರಿಸಿದ, ಶಿವರಾಮು ಮತ್ತೆ ಏರಿಸಿದ. ಮೈಸೂರಿನವನು ತಲೆ ಅಲ್ಲಾಡಿಸಿ ಕೈ ಕಟ್ಟಿಕೊಂಡ.

"ಒಂದ್ಸಲ. ಎರಡ್ಸಲ. ಅಡಿ ನೋಡ್ಕಳಿ, ಆಮೇಲೆ ನನ್ನ ಕೇಳ್ಬ್ಯಾಡಿ," ಅಂತ ರಾಶಿಯನ್ನು ಬೋರಲು ಮಾಡಿ ಅಡಿಯದನ್ನು ಎತ್ತಿ ಹಿಡಿದ.

ಪ್ಲಾಸ್ಟಿಕ್ ಕವರಿನೊಳಗೆ ಒಂದು ಫೋಟೊ. ಶೂಟಿಂಗ್ ನಡುವೆ ಬಿಡುವಿನಲ್ಲಿ ತೆಗೆದದ್ದು. ಬೆಳಕಿನ ಕಂಬ, ಕುರ್ಚಿ, ಆಚೆ ನಿಂತ ಕೆಲಸದವರು. ಈಚೆ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತ ಒಬ್ಬ ಹೆಂಗಸು. ಮುಖವಿಲ್ಲ. ಆದರೆ ಭುಜದ ಮೇಲೆ ಆ ನೆರಿಗೆ. ಮಿಷನ್ನಿನ ಹಿಂದೆ ಕೂತು ಬೆರಳಲ್ಲಿ ಹಿಡಿದ ನೆರಿಗೆ ಅಪ್ಸರನಿಗೆ ಮರೆಯುತ್ತದೆಯೇ? ಬೆನ್ನಿನ ಉದ್ದಕ್ಕೂ ಏನೋ ಸಾಲಾಗಿ ಇತ್ತು, ಗುಂಡಿಯೋ ಏನೋ.

ಅವನು ಫೋಟೊವನ್ನು ಕಣ್ಣ ಹತ್ತಿರ ತಂದುಕೊಂಡ.

"ಏನ್ಲಾ ಅಪ್ಸರಾ, ಮೂರು ಮರ್ತೋಯ್ತಾ?" ಅಂದ ಪುಟ್ಟಮಾದು. ಜನ ನಕ್ಕರು.

ಇದೊಂದು ಬೇರೆ ಇರಲಿ ಅಂದಿದ್ದರೆ ಸಾಕಿತ್ತು. ಬೃಂದಾ ಪಕ್ಕದಲ್ಲೇ ನಿಂತಿದ್ದಳು, ಬಿಟ್ಟಿಯಾಗಿ ಕೊಟ್ಟುಬಿಡುತ್ತಿದ್ದಳು. ಅಪ್ಸರ್ ಅವಳ ಕಡೆ ನೋಡಿದ. ಹಿಂದಿನ ಸಾಲಿನ ಕಡೆ ನೋಡಿದ. ಶಿವರಾಮುವಿನ ಕಣ್ಣು ಅವನ ಕೈಯ ಮೇಲೇ ಇತ್ತು. ಅಪ್ಸರ್ ಫೋಟೊವನ್ನು ರಾಶಿಯ ಮೇಲಿಟ್ಟ.

"ಮೂರ್ಸಲ. ಶಿವರಾಮುಗೆ."

ಜನ ಕರಗಿದ ಮೇಲೆ ಶಿವರಾಮು ಗೋಣಿಚೀಲಕ್ಕೆ ಮಾಲು ತುಂಬಿಸುತ್ತಿದ್ದ. ಅಪ್ಸರ್ ಅವನ ಮುಂದೆ ಹೋಗಿ ನಿಂತ. ಯಾರ ಹತ್ತಿರವೂ ಏನನ್ನೂ ಬೇಡಿ ಅಭ್ಯಾಸವಿಲ್ಲದ ಮನುಷ್ಯ, ಆದರೂ ತಾಯಿಯ ವಿಷಯ ಹೇಳಿದ. ಬೇಕಾದ ಬೆಲೆ ಕೊಡುತ್ತೇನೆ, ಅದೊಂದನ್ನು ಕೊಡು ಅಂದ.

ಶಿವರಾಮು ಚೀಲದ ಬಾಯಿ ಕಟ್ಟಿದ. "ಕೂಗಿದ ರಾಶಿಗೆ ಕೈ ಆಕ್ಬಾರ್ದು ಅಂತ ಯಾರೋ ಏಳಿದ್ರಪ್ಪ ನಂಗೆ. ಕಾಲರ್ ಇಡ್ದು ಏಳಿದ್ರು."

ಅಪ್ಸರ್ ಏನಂತ ಜಗಳವಾಡುತ್ತಾನೆ? ಮಾತು ಅವನದೇ.

"ಅಷ್ಟ್ ಬೇಕಾದ್ರೆ ಫೋನಲ್ಲಿ ಫೋಟೊ ಒಡ್ಕೊ ಓಗು," ಅಂದ ಶಿವರಾಮು. "ಕವರ್ ಬಿಚ್ಚಕಿಲ್ಲ ಮತ್ತೆ."

ಪುಟ್ಟಮಾದು ತನ್ನ ಫೋನಿನಲ್ಲಿ ಕ್ಲಿಕ್ಕಿಸಿದ. ಮನೆಗೆ ಬಂದು ನೋಡಿದರೆ ಪ್ಲಾಸ್ಟಿಕ್ಕಿನ ಮೇಲೆ ಫ್ಲಾಶು ಬಿದ್ದು, ಸರಿಯಾಗಿ ಬೆನ್ನಿದ್ದ ಜಾಗದಲ್ಲೇ ಸೂರ್ಯ ಹುಟ್ಟಿದ ಹಾಗೆ ಬೆಳಕು. ಒಂದು ಮೂಲೆಯಲ್ಲಿ ಪುಟ್ಟಮಾದುವಿನ ಹೆಬ್ಬೆಟ್ಟು. ಕುಲ್ಸುಂ ಬಿ ಫೋನನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಸೊಸೆ ಸಲ್ಮಾಳ ಕೈಗೆ ಕೊಟ್ಟಳು.

"ಗುಂಡಿ ಇರ್ಬೇಕು, ಅತ್ತೆ," ಅಂದಳು ಸಲ್ಮಾ, ಅನುಮಾನದಲ್ಲಿ.

"ಗುಂಡಿ ಅಲ್ಲ. ಗುಂಡಿ ಇಟ್ಟು ನೋಡಿದೀನಿ." ಆಮೇಲೆ ಮಗನ ಮುಖ ನೋಡಿ, "ಹೋಗ್ಲಿ ಬಿಡು," ಅಂದಳು. ಮಂಚದ ಹಗ್ಗದ ಮೇಲೆ ಅವಳ ಬೆರಳು ಮಾತ್ರ ಮೇಲಿನಿಂದ ಕೆಳಕ್ಕೆ ಏನನ್ನೋ ಬರೆಯುತ್ತಲೇ ಇತ್ತು.

ಬೈದಿದ್ದರೆ ಅಪ್ಸರ್ ತಡೆದುಕೊಳ್ಳುತ್ತಿದ್ದ. ಬಿಡು ಅಂದದ್ದು ಅವನನ್ನು ಒಂದು ವಾರ ಕೊರೆಯಿತು. ಶುಕ್ರವಾರ ನಮಾಜು ಮುಗಿಸಿ ನೇರ ಹೋಟೆಲಿಗೆ ಹೋದ.

ಗೋಡೆಯ ತುಂಬ ನೂರಮ್ಮ ನಗುತ್ತಿದ್ದಳು. ಬೆನ್ನಿನ ಫೋಟೊ ಮಾತ್ರ ಕೈ ತೊಳೆಯುವ ತೊಟ್ಟಿಯ ಮೇಲೆ ನೇತಾಡುತ್ತಿತ್ತು, ಮುಖವಿಲ್ಲದ್ದು ಅಲ್ಲಿದ್ದರೆ ಸಾಕು ಅಂತ. ಎತ್ತರದಲ್ಲಿತ್ತು, ಗಾಜಿನ ಮೇಲೆ ನೀರಿನ ಕಲೆ. ಅಪ್ಸರನ ಕೈ ಮುಷ್ಟಿಯಾಯಿತು. ಹಾಗೇ ಸಡಿಲಾಯಿತು.

"ಕೊಡು ಅನ್ನಾಕೆ ಬಂದಿಲ್ಲ," ಅಂದ ಗಲ್ಲಾದಲ್ಲಿದ್ದ ಶಿವರಾಮುಗೆ. "ನಮ್ಮಮ್ಮನ್ನ ಕರ್ಕಂಡು ಬತ್ತೀನಿ. ಒಂದ್ ಗಳಿಗೆ ಅದನ್ನ ಕೆಳಕ್ಕಿಳ್ಸು. ನೋಡ್ಕಂಡು ಓಯ್ತಾಳೆ."

"ಅವತ್ತು ಮಾಡಿದ್ದು ತಪ್ಪು ಅನ್ನು. ಇಳಿಸ್ತೀನಿ."

"ತಪ್ಪು ನಿಂದೇ ಕಣ್ಲಾ. ಅಲ್ಲ ಅಂತ ನಾನು ಅನ್ನಕಿಲ್ಲ." ಅಪ್ಸರ್ ಗಲ್ಲಾದ ಹತ್ತಿರ ಸರಿದ. "ಕಾಲರ್ ಇಡ್ದಿದ್ದು ಜಾಸ್ತಿ ಆಯ್ತು. ಬಾಯಲ್ಲಿ ಅಂದಿದ್ರೆ ಸಾಕಿತ್ತು."

ಶಿವರಾಮು ಚಿಲ್ಲರೆ ಎಣಿಸುತ್ತಿದ್ದವನು ನಿಲ್ಲಿಸಿ ಅವನನ್ನೇ ನೋಡಿದ. "ನಿನ್ ಬಾಯಲ್ಲಾ? ಅದಕ್ಕಿಂತ ಕಾಲರ್ರೇ ವಾಸಿ ಬುಡು," ಅಂದು ನಕ್ಕ. "ನಾಳಿಕ್ ಕರ್ಕಂಡ್ ಬಾ. ಮದ್ಯಾನ ಊಟಕ್ಕೇ ಬಂದ್ಬುಡಿ."

ಕುಲ್ಸುಂ ಬಿ ಬುರ್ಖಾ ಹಾಕಿಕೊಂಡು, ಸಲ್ಮಾಳ ಕೈ ಹಿಡಿದು ಆಟೋ ಇಳಿದಳು. ಫ್ಯಾಮಿಲಿ ರೂಮಿನ ಕಿಟಕಿಯ ಪಕ್ಕ ಕೂರಿಸಿದರು. ಶಿವರಾಮು ತಾನೇ ಗಾಜು ತೆಗೆದು, ಕವರು ಬಿಚ್ಚಿ ಫೋಟೊವನ್ನು ಅವಳ ಮುಂದಿಟ್ಟ. ಅವಳು ಕನ್ನಡಕ ತೆಗೆದು, ಒಳ್ಳೆಯ ಕಣ್ಣನ್ನು ಫೋಟೊಗೆ ಮೂಗು ತಾಗುವಷ್ಟು ಹತ್ತಿರ ತಂದಳು. ಬೆರಳು ಭುಜದ ನೆರಿಗೆಯಿಂದ ಶುರುವಾಗಿ ಬೆನ್ನಿಗೆ ಬಂತು. ಅಲ್ಲಿ ನಿಂತಿತು. ಮತ್ತೆ ಮೇಲಕ್ಕೆ ಹೋಗಿ ಕೆಳಕ್ಕೆ ಇಳಿಯಿತು. ಮುದ್ದೆ ತಂದ ಸಪ್ಲೈಯರ್ ತಟ್ಟೆ ಹಿಡಿದು ನಿಂತ.

"ಕ್ಲಿಪ್ಪು," ಅಂದಳು.

"ಏನು?" ಅಂದ ಅಪ್ಸರ್.

"ಬಟ್ಟೆ ಒಣಗಾಕೋ ಕ್ಲಿಪ್ಪು ಕಣೋ. ಸಾಲಾಗಿ. ಹಿಂದೆ ಹೊಲಿಗೇನೇ ಇಲ್ಲ. ಮೈಗಿಂತ ದೊಡ್ಡ ರವಿಕೆ ತೊಡಿಸಿ, ಹಿಂದೆ ಹಿಡಿದು ಎಳೆದು ಕ್ಲಿಪ್ಪು ಹಾಕವ್ರೆ." ಅವಳ ಹೊಟ್ಟೆ ಅಲ್ಲಾಡತೊಡಗಿತು. ನಗು ಬಾಯಿಗೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. "ನಾನು ಹುಕ್ಕು ಹಾಕಿ ನೋಡ್ದೆ, ಗುಂಡಿ ಹಾಕಿ ನೋಡ್ದೆ, ಲಾಡಿ ಹಾಕಿ ನೋಡ್ದೆ. ನನ್ನ ಹತ್ರ ಹೊಲಿಸ್ಕೊಂಡ ಹುಡುಗೀರು ನಡೀಬೇಕು, ಕೂರ್ಬೇಕು, ಮಗೂಗೆ ಹಾಲು ಕುಡಿಸ್ಬೇಕು. ಇವಳು ಒಂದು ಫೋಟೊಗೆ ನಿಂತ್ಕೊಂಡ್ರೆ ಮುಗೀತು."

ಸಲ್ಮಾಳೂ ನಕ್ಕಳು. ಅರ್ಥವಾಗಲಿ ಬಿಡಲಿ, ಸಪ್ಲೈಯರೂ ನಕ್ಕ. ಶಿವರಾಮು ಫೋಟೊವನ್ನು ಅವಳ ಕಡೆ ಸರಿಸಿದ. "ತಗಂಡೋಗ್ರಮ್ಮ. ನಿಮ್ದೇ ಅದು."

ಅವಳು ಕಣ್ಣೊರೆಸಿಕೊಂಡು ಅದನ್ನು ವಾಪಸ್ಸು ಸರಿಸಿದಳು. "ಬೇಡಪ್ಪ. ಕೂಗಿದ ರಾಶಿ. ನನ್ನ ಮಗ ಬೈತಾನೆ."

ಅಪ್ಸರ್ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ.

"ಒಂದು ಮಾತು ಆದ್ರೆ," ಅಂದಳು ಕುಲ್ಸುಂ ಬಿ. "ಗಂಡಸರು ಕೈ ತೊಳೆಯೋ ಕಡೆ ಹಾಕ್ಬೇಡ. ಬೆನ್ನು ಬಿಟ್ಕೊಂಡು ಕೂತವ್ಳೆ, ಪಾಪ. ಇಲ್ಲಿ ಹೆಂಗಸರ ಕಡೆ ಹಾಕು."

ಶಿವರಾಮು ಅಲ್ಲೇ ಮೊಳೆ ತರಿಸಿದ. ಎಷ್ಟು ಎತ್ತರಕ್ಕೆ ಹೊಡೆಯಬೇಕು ಅಂತ ಅಪ್ಸರನೂ ಅವನೂ ಜಗಳ ಶುರುಮಾಡಿದರು. ಕುಲ್ಸುಂ ಬಿ ಸೊಪ್ಪುಸಾರು ಚೆನ್ನಾಗಿದೆ ಅಂತ ಇನ್ನಷ್ಟು ಹಾಕಿಸಿಕೊಂಡಳು.