ಬಿಳಿ ಶರ್ಟಿನ ಪರೀಕ್ಷೆ

ಎಡ ಭುಜದ ಮೇಲೆ ಒಂದು ಹನಿ ಬಿತ್ತು. ತಲೆಯೆತ್ತಿ ನೋಡುವಷ್ಟರಲ್ಲಿ ಇನ್ನೊಂದು.

ಉಮ್ಮಚಗಿಯಲ್ಲಿ ನಂಟರ ಮನೆಯ ಉಪನಯನ. ಶಿರಸಿಯಿಂದ ನಮ್ಮನ್ನೆಲ್ಲ ಕರೆದೊಯ್ಯಲು ಬಾಡಿಗೆ ಬಸ್ಸು ಮಾಡಿದ್ದರು. ಮೇ ತಿಂಗಳ ಅಡ್ಡಮಳೆ ಪೇಟೆ ದಾಟುವ ಮೊದಲೇ ಹಿಡಿದುಕೊಂಡಿತ್ತು. ಎಡಗಡೆಯ ನಾಲ್ಕನೇ ಸೀಟು ಖಾಲಿ ಕಂಡದ್ದಕ್ಕೆ ಹೋಗಿ ಕೂತಿದ್ದೆ. ತುಂಬಿದ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸುಮ್ಮನೆ ಖಾಲಿ ಇರುವುದಿಲ್ಲ ಎಂಬುದು ಈ ವಯಸ್ಸಿಗಾದರೂ ನನಗೆ ಗೊತ್ತಿರಬೇಕಿತ್ತು.

"ಅಲ್ಲಿ ಕೂತ್ಕಳಡ ತಂಗಿ, ಆ ಸೀಟು ಸೋರ್ತು" ಎಂದರು ಹಿಂದಿನ ಸೀಟಿನ ಅಜ್ಜಿ. "ಕೂತ್ಕಂಬದೇ ಆದ್ರೆ ಕೊಡೆ ಬಿಡಿಸ್ಕ್ಯ."

ಅಜ್ಜಿ ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿಯೂ ಕೊಡೆ ಚಾಚಿದ್ದರು. ನಮ್ಮ ಜನರ ತಾಳ್ಮೆ ಎಂಥದ್ದು ನೋಡಿ. ಚಾವಣಿಯಿರುವ ವಾಹನದೊಳಗೆ ಕೊಡೆ ಬಿಡಿಸಿ ಕೂರುತ್ತಾರೆ, ಹರಿದ ತಗಡಿನ ಅಂಚಿಗೆ ಸೀರೆ ಸಿಕ್ಕಿದರೆ ತಮ್ಮ ಸೀರೆಯನ್ನೇ ಬೈದುಕೊಳ್ಳುತ್ತಾರೆ. ಬಸ್ಸು ಹೀಗೇಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳುವವರು ಒಬ್ಬರಿದ್ದರು. ಅವರು ನನ್ನ ಗಂಡ. ಅವರು ಹೋಗಿ ಎರಡು ಮಳೆಗಾಲ ಕಳೆದವು.

ಶಿರಸಿಯ ಹುಬ್ಬಳ್ಳಿ ರಸ್ತೆಯಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡೊಂದಿದೆ. ಕಂಪನಿಯಿಂದ ಬರುವುದು ಬರೀ ಚಾಸಿ: ನಾಲ್ಕು ಗಾಲಿ, ಇಂಜಿನ್ನು, ಒಂದು ಸ್ಟಿಯರಿಂಗು. ಅದರ ಮೇಲೆ ಕಂಬ, ತಗಡು, ಸೀಟು, ಕಿಟಕಿ ಕೂರಿಸಿ ಬಸ್ಸು ಮಾಡುವುದು ಇಲ್ಲಿ. ನಮ್ಮವರು ಅಲ್ಲಿ ಹೆಡ್ ಮೇಸ್ತ್ರಿ. ಅವರ ಜೊತೆ ಬಸ್ಸು ಹತ್ತುವುದೆಂದರೆ ಶಿಕ್ಷೆ. ಎರಡು ಮೈಲಿ ಹೋಗುವಷ್ಟರಲ್ಲಿ ಕಿವಿಯಲ್ಲೇ ರೋಗ ಕಂಡುಹಿಡಿಯುತ್ತಿದ್ದರು. ಕಟಕಟ ಅಂದರೆ ಕಿಟಕಿಯ ರಬ್ಬರು, ಗುಡುಗುಡು ಅಂದರೆ ಹಿಂದಿನ ಬಂಪರು, ಕಿರ್ ಅಂದರೆ ಸೀಟಿನ ಬುಡ. ನಮ್ಮ ಮದುವೆಯ ದಿಬ್ಬಣ ಸಿದ್ದಾಪುರದಿಂದ ವಾಪಸು ಬರುವಾಗ ಮದುಮಗ ಪಕ್ಕದಲ್ಲಿ ಕಾಣಲಿಲ್ಲ. ನೋಡಿದರೆ ನನ್ನ ಸೀಟಿನ ಕೆಳಗೆ ಬಾಗಿದ್ದಾರೆ. "ಬೋಲ್ಟು ಸಡ್ಲ ಆಜು. ಸ್ವಲ್ಪ ಕಾಲೆತ್ತು." ಗಂಡ ನನಗೆ ಹೇಳಿದ ಮೊದಲ ಮಾತು ಅದು. ಬಸ್ಸಿನವರೆಲ್ಲ ನಕ್ಕರು. ನನಗೆ ನಗು ಬರಲು ಹತ್ತು ವರ್ಷ ಬೇಕಾಯಿತು.

ಸರಕಾರಕ್ಕೂ ನಿಯಮಗಳಿವೆ. ನಡುವಿನ ದಾರಿ ಎಷ್ಟಗಲ, ತುರ್ತು ಬಾಗಿಲು ಎಲ್ಲಿ, ಎಲ್ಲ ಬರೆದಿಟ್ಟಿದ್ದಾರೆ. ಟೇಪು ಹಿಡಿದು ಒಬ್ಬರು ಬರುತ್ತಿದ್ದರು, ಚಹಾ ತಣಿಯುವುದರೊಳಗೆ ಅಳತೆ ಮುಗಿಯುತ್ತಿತ್ತು. ಬಸ್ಸಿನ ಮಾಲೀಕರೋ, ತುರ್ತು ಬಾಗಿಲ ಎದುರಿಗೂ ಇನ್ನೊಂದು ಸೀಟು ಹಿಡಿಸುತ್ತದಲ್ಲ ಎನ್ನುವವರು. ಇವರ ನಡುವೆ ನಮ್ಮವರು ತಮ್ಮದೇ ಒಂದು ಪರೀಕ್ಷೆ ಮಾಡಿಕೊಂಡಿದ್ದರು. ಅದಕ್ಕೆ ಬೇಕಾದದ್ದು ಒಂದು ಬಿಳಿ ಶರ್ಟು.

ಬಸ್ಸು ತಯಾರಾದ ದಿನ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಒಳಗೆ ಕೂರುವರು. ಬನವಾಸಿ ಕಡೆಯ ವೆಲ್ಡರ್ ಬಸಣ್ಣ ಮೇಲೆ ಹತ್ತಿ ಪೈಪಿನಲ್ಲಿ ಒಂದು ತಾಸು ನೀರು ಬಿಡುವನು. ಇವರು ಸೀಟಿನಿಂದ ಸೀಟಿಗೆ ಸರಿಯುತ್ತ ಎಲ್ಲ ಸೀಟಿನಲ್ಲೂ ಕೂತೇಳುವರು. ಹೊಸ ಬಸ್ಸಿನೊಳಗೆ ಇಳಿಯುವ ನೀರು ತಗಡಿನ ಪುಡಿ, ಸಂದಿಗೆ ತುಂಬಿದ ಮೇಣ ತೊಳೆದುಕೊಂಡು ಬರುತ್ತದೆ, ಬಿಳಿ ಬಟ್ಟೆಯ ಮೇಲೆ ಬೂದು ಬೊಟ್ಟಿಡುತ್ತದೆ. ಆಮೇಲೆ ಶರ್ಟು ಬಿಚ್ಚಿ ಬೆಳಕಿಗೆ ಹಿಡಿದು ನೋಡುವರು. ಒಂದು ಬೊಟ್ಟು ಕಂಡರೂ ಚಾವಣಿ ಬಿಚ್ಚಬೇಕು. ಕಾಣದಿದ್ದರೆ ಬೆಂಕಿಕಡ್ಡಿಯನ್ನು ಹಸಿರು ಬಣ್ಣದಲ್ಲಿ ಅದ್ದಿ, ಚಾಲಕನ ತಲೆಯ ಮೇಲಿನ ತಗಡಿಗೆ, ಒಳಗಡೆ, ಒಂದು ಸಣ್ಣ ಚುಕ್ಕೆ. ಆ ಚುಕ್ಕೆಯಿಲ್ಲದ ಬಸ್ಸನ್ನು ಶೆಡ್ಡಿನ ಸಾಹುಕಾರರೂ ಹೊರಗೆ ಬಿಡುತ್ತಿರಲಿಲ್ಲ. ಮನಸ್ಸಿನಲ್ಲಿ ಎಷ್ಟು ಬೈದುಕೊಳ್ಳುತ್ತಿದ್ದರೋ.

ನಾನಂತೂ ಬಾಯಿಬಿಟ್ಟೇ ಬೈಯುತ್ತಿದ್ದೆ. ಆ ಶರ್ಟಿಗೆ ಗಂಜಿ ಹಾಕುವವಳು ನಾನು. "ಒಂದು ಹನಿ ಬಿದ್ದರೆ ಯಾರು ಸಾಯ್ತ?" ಎಂದು ಒಮ್ಮೆ ಕೇಳಿದ್ದೆ.

"ಹನಿ ಬಟ್ಟೆ ತೋಯ್ಸಲೆ ಬತ್ತಿಲ್ಲೆ ಮಾರಾಯ್ತಿ, ಕಬ್ಬಿಣ ತಿಂಬಲೆ ಬತ್ತು" ಎಂದಿದ್ದರು. ಇವತ್ತು ಹನಿ, ಐದಾರು ವರ್ಷಕ್ಕೆ ಒಳಗಿನ ಕಂಬಕ್ಕೆ ತುಕ್ಕು. ಅರಬೈಲ್ ಘಟ್ಟದಲ್ಲಿ ಬಸ್ಸು ಮಗುಚಿದರೆ ಆ ಕಂಬವೇ ಜನರ ತಲೆ ಕಾಯಬೇಕು.

ಕೊನೆಯ ಬಸ್ಸಿನ ಹೊತ್ತಿಗೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಮೂವತ್ತು ವರ್ಷ ಶೆಡ್ಡಿನಲ್ಲಿ ಕೊಯ್ದ ಫೈಬರ್ ಹಲಗೆಯ ಪುಡಿ ಕುಡಿದ ಎದೆ. ಹುಬ್ಬಳ್ಳಿಯ ಡಾಕ್ಟರು ಕೂಡಲೇ ಬನ್ನಿ ಎಂದಿದ್ದರು. ಇವರು ಬಸ್ಸು ಪಾಸಾಗಲಿ ಎಂದು ಎರಡು ಸಲ ಮುಂದೂಡಿದ್ದರು. ಮೂರನೆಯ ಸಲ ನಾನು ಅತ್ತುಬಿಟ್ಟೆ. ಮರುದಿನ ಬೆಳಿಗ್ಗೆ ಹೊರಡುವುದೆಂದು ಒಪ್ಪಿದರು, ಆದರೆ ಅಂದು ಸಂಜೆಯ ಪರೀಕ್ಷೆ ಮುಗಿಯಲೇಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಆಗಲಿಲ್ಲ. ಹೊರಗೆ ಸ್ಟೂಲಿನ ಮೇಲೆ ಕೂತು, ತಮ್ಮ ಶರ್ಟನ್ನು ನನಗೆ ಕೊಟ್ಟರು.

ಸೀರೆಯ ಮೇಲೆ ಗಂಡಸರ ಶರ್ಟು ತೊಟ್ಟು ಕೂತೆ. ಬಸಣ್ಣ ಮೇಲಿಂದ, "ಅಕ್ಕಾರ, ಥೇಟ್ ಇನ್ಸ್‌ಪೆಕ್ಟರ್ ಇದ್ದಂಗ ಕಾಣ್ತೀರಿ" ಎಂದು ನಗಿಸಿದ. ಮೂರು ಸೀಟು ಒಣ. ನಾಲ್ಕನೆಯದರಲ್ಲಿ, ಎಡ ಭುಜದ ಮೇಲೆ, ಹನಿ ಬಿತ್ತು.

ನಾನು ಅದನ್ನು ನೋಡಿದೆ. ಬೂದು ಬೊಟ್ಟು, ಹುಣಸೆ ಬೀಜದಷ್ಟು. ನನಗೆ ಬಂದದ್ದು ಭಯವಲ್ಲ, ಸಿಟ್ಟು. ಇದನ್ನು ಹೇಳಿದರೆ ನಾಳೆ ಚಾವಣಿ ಬಿಚ್ಚುತ್ತಾರೆ, ನಾಡಿದ್ದು ಮತ್ತೆ ನೀರು, ಹುಬ್ಬಳ್ಳಿ ಮತ್ತೆ ಮುಂದಕ್ಕೆ. ಉಳಿದ ಸೀಟುಗಳಲ್ಲೆಲ್ಲ ಕೂತೆದ್ದು, ಹಿಂದಿನ ಬಾಗಿಲಿಂದ ಇಳಿದು, ಶರ್ಟನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆ. ಆಮೇಲೆ ಅವರೆದುರು ಹೋಗಿ ನಿಂತೆ.

"ಹನಿ ಬಿತ್ತಾ?"

"ಇಲ್ಲೆ. ಒಂದೂ ಇಲ್ಲೆ."

"ಶರ್ಟು ತೋರ್ಸು."

"ಬೆವರಾಗಿತ್ತು. ತೊಟ್ಟಿಲಿ ಅದ್ದಿದೆ."

ನೀರು ಸುರಿಯುತ್ತಿದ್ದ ಶರ್ಟನ್ನು ನೋಡಿದರು. ನನ್ನ ಮುಖ ನೋಡಿದರು. "ಹಂಗಾರೆ ನೀ ಹೇಳಿದ್ದೇ ಸೈ" ಎಂದರು. ಬಸಣ್ಣ ಅವರನ್ನು ಎತ್ತಿಕೊಂಡೇ ಬಸ್ಸಿನೊಳಗೆ ಹತ್ತಿಸಿದ. ಅವನ ಹೆಗಲು ಹಿಡಿದುಕೊಂಡೇ ಚುಕ್ಕೆ ಇಟ್ಟರು. ಸ್ವಲ್ಪ ಸೊಟ್ಟಗಾಯಿತು. ಹುಬ್ಬಳ್ಳಿಯಲ್ಲಿ ಹನ್ನೊಂದು ದಿನ ಇದ್ದೆವು. ಬರುವಾಗ ಅವರನ್ನು ಆಂಬುಲೆನ್ಸಿನಲ್ಲಿ ತಂದೆ. ಅದರ ಬಾಗಿಲು ದಾರಿಯುದ್ದಕ್ಕೂ ಕಟಕಟ ಅನ್ನುತ್ತಿತ್ತು. ಏನು ಸಡಿಲಾಗಿದೆ ಎಂದು ಹೇಳುವವರೇ ಮಾತಾಡುತ್ತಿರಲಿಲ್ಲ.

ಅವರಿಗೆ ಗೊತ್ತಾಗಿತ್ತೇ? ಎರಡು ವರ್ಷದಿಂದ ಇದೊಂದನ್ನೇ ಕೇಳಿಕೊಳ್ಳುತ್ತಿದ್ದೇನೆ. ಗೊತ್ತಾಗಿದ್ದರೆ, ಜೀವಮಾನದಲ್ಲಿ ಒಮ್ಮೆ ನನಗಾಗಿ ಸುಳ್ಳು ಚುಕ್ಕೆ ಇಟ್ಟರು. ಗೊತ್ತಾಗದಿದ್ದರೆ, ನಾನು ಅವರಿಂದ ಇಡಿಸಿದೆ. ಯಾವುದು ಮೇಲು ಎಂದು ಹೇಳಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?

ಉಮ್ಮಚಗಿಯಲ್ಲಿ ಬಸ್ಸು ನಿಂತು ಎಲ್ಲರೂ ಇಳಿದ ಮೇಲೆ ಮುಂದೆ ಹೋಗಿ ಚಾಲಕನ ಸೀಟಿನ ಮೇಲ್ಗಡೆ ನೋಡಿದೆ. ಮಾಲೀಕ ಬದಲಾಗಿದ್ದ, ಬಣ್ಣ ಬದಲಾಗಿತ್ತು, ಸೊಟ್ಟ ಚುಕ್ಕೆ ಹಾಗೇ ಇತ್ತು. ತಲೆಯ ಪಿನ್ನು ತೆಗೆದು ಅದನ್ನು ಕೆರೆಯತೊಡಗಿದೆ.

"ಅಮ್ಮಾ, ಎಂತ ಮಾಡ್ತಾ ಇದ್ದೀರಿ?" ಚಾಲಕ ಗಾಬರಿಯಾದ.

"ಈ ಬಸ್ಸು ಪಾಸಾಗಿಲ್ಲ. ನಾಲ್ಕನೇ ಸೀಟು ಸೋರ್ತದೆ."

"ಪಾಸಾಗದೆ ಎರಡು ವರ್ಷದಿಂದ ಓಡ್ತದಾ? ಒಂದು ಹನಿಗೆ ಎಷ್ಟು ರಗಳೆ!"

ನನ್ನದೇ ಮಾತು ಅವನ ಬಾಯಲ್ಲಿ ಕೇಳಿ ಕಪಾಳಕ್ಕೆ ಹೊಡೆದಂತಾಯಿತು. ಅಲ್ಲೇ ನಿಂತು ಬಸಣ್ಣನಿಗೆ ಫೋನು ಮಾಡಿದೆ.

"ಮೇಸ್ತ್ರಿ ಚುಕ್ಕಿ ಇಟ್ಟ ಗಾಡಿ ಸೋರಾಂಗಿಲ್ರಿ ಅಕ್ಕಾರ" ಎಂದ.

"ಸೋರ್ತದೆ. ಅವತ್ತೂ ಸೋರಿತ್ತು. ನಾನೇ ಹೇಳಲಿಲ್ಲ."

ಯಾವ ಸೀಟು ಎಂದಷ್ಟೇ ಕೇಳಿದ, ಹೇಳಿದೆ. ಆಮೇಲೆ, "ಮಾಲಕರಿಗೆ ನಾ ಹೇಳ್ತೀನಿ. ಬಿಚ್ಚಿ ನೋಡೂಣು, ಬರ್ರಿ" ಎಂದ.

ಮೊನ್ನೆ ಶೆಡ್ಡಿನಲ್ಲಿ ಚಾವಣಿ ಬಿಚ್ಚಿದ. ನಾಲ್ಕನೇ ಕಿಟಕಿಯ ಮೇಲಿನ ಕಂಬಕ್ಕೆ ಅಂಗೈಯಗಲ ತುಕ್ಕು. ಬೆರಳಿನಿಂದ ಉಜ್ಜಿ ನನಗೆ ತೋರಿಸಿದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮ್ಯಾಲ ಮ್ಯಾಲ ಹತ್ತೇತಿ ಅಷ್ಟ, ಒಳಗ ಗಟ್ಟಿ ಐತಿ" ಎಂದು ಕೆರೆದು, ಬಣ್ಣ ಬಳಿದು, ಹೊಸ ಮೇಣ ತುಂಬಿ ಮುಚ್ಚಿದ.

ಇವತ್ತು ಪರೀಕ್ಷೆ. ಬೆಳಿಗ್ಗೆ ಪೆಟ್ಟಿಗೆಯಿಂದ ಶರ್ಟು ತೆಗೆದು ಗಂಜಿ ಹಾಕಿದೆ. ಸೀಟಿನಿಂದ ಸೀಟಿಗೆ ಸರಿಯುತ್ತ ಹೋದೆ. ನಾಲ್ಕನೆಯದರಲ್ಲಿ ಮಾತ್ರ ಎರಡು ಪಾಲು ಹೊತ್ತು ಕೂತೆ. ತಾಸು ಮುಗಿಯಿತು. ಬಸಣ್ಣ ಪೈಪು ನಿಲ್ಲಿಸಿ, ಕಿಟಕಿಯಲ್ಲಿ ತಲೆಕೆಳಗಾಗಿ ಮುಖ ತೋರಿಸಿದ.

"ಬಿತ್ತೇನ್ರಿ?"

"ಇಲ್ಲೆ."

ಹೇಳಿದ ಮೇಲೆ ನನ್ನ ಮಾತನ್ನು ನಾನೇ ನಂಬಲಿಲ್ಲ. ಶರ್ಟು ಬಿಚ್ಚಿ ಬೆಳಕಿಗೆ ಹಿಡಿದೆ. ಕಾಲರು, ಬಲ ಭುಜ, ಎಡ ಭುಜ. ಒಣಗಿತ್ತು, ಬಿಳಿಯಾಗಿತ್ತು. ಮತ್ತೆ ತೊಟ್ಟುಕೊಂಡೆ.

"ಇನ್ನರ್ಧ ತಾಸು ಬಿಡು."

"ಯವ್ವಾ! ಮೇಸ್ತ್ರಿ ಕಾಟ ಮುಗೀತು ಅಂದ್ಕೊಂಡಿದ್ನೆಲ್ಲ!" ಬಸಣ್ಣ ಹಣೆ ಚಚ್ಚಿಕೊಂಡು ಮೇಲೆ ಸರಿದ.

ತಲೆಯ ಮೇಲೆ ಮತ್ತೆ ನೀರಿನ ಸದ್ದು ಶುರುವಾಯಿತು. ಹಸಿರು ಬಣ್ಣದ ಡಬ್ಬಿ ಚಾಲಕನ ಸೀಟಿನ ಮೇಲಿತ್ತು, ಬೆಂಕಿಕಡ್ಡಿ ಶರ್ಟಿನ ಜೇಬಿನಲ್ಲಿ. ಅವಸರವೇನಿರಲಿಲ್ಲ. ಎದ್ದು ಮೊದಲನೇ ಸೀಟಿಗೆ ಹೋಗಿ ಕೂತೆ.