ಹೂಂ ಅಂದರಷ್ಟೇ ಮುಂದಿನ ಮಾತು

ಬೆಳಗಿನ ಐದೂಮುಕ್ಕಾಲು. ಬೆಳಗೊಳದ ತಮ್ಮ ಮನೆಯ ತಾರಸಿಯಲ್ಲಿ ಮಂಗಳಮ್ಮ ಅಲ್ಯೂಮಿನಿಯಂ ಕೊಳವೆಗಳ ಆಂಟೆನಾವನ್ನು ದೂರದ ಕುಂತಿಬೆಟ್ಟದತ್ತ ತಿರುಗಿಸುತ್ತಿದ್ದಾರೆ. ಬೆಟ್ಟದ ಮೇಲೆ ಪತಿ ಬೋರಯ್ಯ. ಅವರ ಮುಂದೊಂದು ಬಿಸ್ಕತ್ ಡಬ್ಬಿಯಷ್ಟು ಪೆಟ್ಟಿಗೆ. ಬೆಂಗಳೂರಿನ ಹವ್ಯಾಸಿ ರೇಡಿಯೊ ಗೆಳೆಯರು ಕಟ್ಟುತ್ತಿರುವ ಹನ್ನೆರಡು ಕಿಲೋ ತೂಕದ ಉಪಗ್ರಹ ಮುಂದೊಂದು ದಿನ ಆಕಾಶದಿಂದ ಮಾತಾಡಬೇಕಾದದ್ದು ಈ ಪೆಟ್ಟಿಗೆಯ ಬಾಯಿಂದಲೇ. ಆ ಮಾತುಕತೆಯ ವ್ಯವಸ್ಥೆಯನ್ನೆಲ್ಲ ರೂಪಿಸಿದವರು ಮಂಗಳಮ್ಮ.

ಮಂಡ್ಯದಲ್ಲಿ ಡಿಪ್ಲೊಮಾ ಮುಗಿಸಿ ಎಪ್ಪತ್ತೊಂಬತ್ತರಲ್ಲಿ ನೀರಾವರಿ ಇಲಾಖೆಯ ವೈರ್‌ಲೆಸ್ ವಿಭಾಗ ಸೇರಿದ ಇವರು, ಹದಿನೇಳು ವರ್ಷದಿಂದ ದಿನಾ ಅಣೆಕಟ್ಟೆಯ ನೀರಿನ ಮಟ್ಟ ಹೇಳುತ್ತಿದ್ದಾರೆ. "ಮೊದ್ಲು ಮೊದ್ಲು ನನ್ ದನಿ ಕೇಳ್ತಿದ್ದಂಗೇ, 'ಗಂಡಸ್ರ ಕರಿಯಮ್ಮ' ಅನ್ನೋರು. ಈಗ ಅಂಗನ್ನಕಿಲ್ಲ ಬುಡಿ."

ಉಪಗ್ರಹ ನಮ್ಮ ನೆತ್ತಿ ದಾಟಲು ಹತ್ತೇ ನಿಮಿಷ. ಅದರ ದನಿಗಿರುವ ಶಕ್ತಿ ಟಾರ್ಚಿನ ಬಲ್ಬಿನಷ್ಟು. ಅಷ್ಟರಲ್ಲಿ ಅದು ಹೇಳುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡಲಿ ಎಂಬುದು ಮೊದಲಿನ ಯೋಜನೆ. ಮಂಗಳಮ್ಮ ಒಪ್ಪಲಿಲ್ಲ.

"ನಮ್ಮವ್ವ ಕತೆ ಹೇಳುವಾಗ ನಾವು ಹೂಂ ಅನ್ನದೆ ಹೋದ್ರೆ ಅಲ್ಲೇ ನಿಲ್ಸ್‌ಬುಡೋಳು. ಇದ್ಕೂ ಅದೇ ಬುದ್ಧಿ ಕಲ್ಸಿವ್ನಿ. ಒಂದು ಸಾಲು ಹೇಳು. ನೆಲದಿಂದ ಹೂಂ ಅಂತ ಸದ್ದು ಬಂದ್ರೆ ಮುಂದಕ್ಕೋಗು. ಬರ್ನಿಲ್ವಾ, ಅದ್ನೇ ಇನ್ನೊಂದ್ಸಲ ಹೇಳು."

ಹೂಂಗೆ ಕಾಯುತ್ತ ಹೊತ್ತು ಕಳೆದೀತೆಂದು ಗೆಳೆಯರಿಗೆ ಅಳುಕು. ಹತ್ತು ಬೆಳಗಿನ ಪರೀಕ್ಷೆ ಇಟ್ಟರು. ಪ್ರತಿದಿನವೂ ಬೆಟ್ಟದ ಪೆಟ್ಟಿಗೆಯಿಂದ ತಾರಸಿಗೆ ಅಂಕಿಗಳ ನಲವತ್ತು ಸಾಲು ಹತ್ತು ನಿಮಿಷದೊಳಗೆ ತಪ್ಪಿಲ್ಲದೆ ಬರಬೇಕು. ಒಂದು ದಿನ ಎಡವಿದರೂ ಹಳೆಯ ಯೋಜನೆಯೇ ಮೇಲೆ ಹೋಗುತ್ತದೆ. ಒಂಬತ್ತು ದಿನ ಗೆದ್ದಾಗಿದೆ. ಇಂದು ಹತ್ತನೆಯದು.

ಇಪ್ಪತ್ತಾರನೆಯ ಸಾಲಿಗೆ ಸದ್ದು ಕಡಿಯುತ್ತದೆ. ಮಂಗಳಮ್ಮ ವಾಕಿಟಾಕಿ ಎತ್ತುತ್ತಾರೆ. "ಏನಾಯ್ತು?"

"ಗಾಳಿಗೆ ಆಂಟೆನಾ ಬಿದ್ದೋಯ್ತು ಕಣಮ್ಮಿ, ಎತ್ತಿ ಕಟ್ತಾವ್ನಿ," ಎನ್ನುತ್ತಾರೆ ಬೋರಯ್ಯ. "ನಿನ್ ಪೆಟ್ಟಿಗೆನೂ ನಿನ್ನಂಗೇ. ಯಾರೂ ಕೇಳ್ದಿದ್ರೂ ಏಳಿದ್ನೇ ಏಳ್ತಾ ಕೂತದೆ!"

ಮಂಗಳಮ್ಮ ನಗುವುದಿಲ್ಲ. ಗಡಿಯಾರ ನೋಡುತ್ತಾರೆ. ಎರಡು ನಿಮಿಷ ಹಾಗೇ ಹೋಗುತ್ತದೆ. ಆಮೇಲೆ ಅದೇ ಇಪ್ಪತ್ತಾರನೆಯ ಸಾಲು. ಹೂಂ. ಇಪ್ಪತ್ತೇಳು. ಹೂಂ. ಒಂಬತ್ತು ನಿಮಿಷ ನಲವತ್ತು ಸೆಕೆಂಡಿಗೆ ನಲವತ್ತನೆಯದೂ ಬರುತ್ತದೆ. ಒಂದಂಕಿಯೂ ತಪ್ಪಿಲ್ಲ.

ಮಂಗಳಮ್ಮ ಮೂಡಣಕ್ಕೆ ತಿರುಗಿ ಕೈಮುಗಿಯುತ್ತಾರೆ. "ಉಪಗ್ರಹ ಹತ್ತಾರು ಜನದ್ದು ಕಣ್ರೀ. ಮಾತು ಮಾತ್ರ ನಮ್ಮನೇದು," ಎಂದು ಈಗ ನಗುತ್ತಾರೆ. "ಹೂಂ ಅನ್ನೋದೆಲ್ಲ ಮಿಷನ್ನೇ ಅಂತದೆ. ಮೊದಲ್ನೇದೊಂದ್ನ ಗುಂಡಿ ಒತ್ತಿ ಕೊಡಂಗೆ ಮಾಡಿವ್ನಿ. ಅದು ಮ್ಯಾಲಕ್ಕೋದಾಗ ಆ ಗುಂಡಿ ನಮ್ಮವ್ವ ಒತ್ಬೇಕು."

ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ತಾಯಿ ಚಿಕ್ಕಬೋರಮ್ಮ ತಲೆ ಎತ್ತುತ್ತಾರೆ.

"ಒತ್ತೀನಿ ಕನವ್ವ. ಆದ್ರೆ ನಾನು ಹೂಂ ಅಂದ್ಮ್ಯಾಲೆ ಅದು ಕತೆಯ ಅರ್ಧಕ್ಕೇ ಬುಟ್ಟೋಗಂಗಿಲ್ಲ, ಹೇಳ್ಬುಡು ಅದ್ಕೆ."